ಮನೆಯ ಗಣಕಯಂತ್ರಕ್ಕೆ ವೈರಸ್ ಕಾಟ: ತಡೆಯುವ ಬಗೆ, ತಗುಲಿದಾಗ ಮಾಡಬೇಕಾದದ್ದು

ಗಣಕಯಂತ್ರದ ವೈರಸ್ ಎಂಬುದು ಜೀವಾಣುವಲ್ಲ. ಮನುಷ್ಯರು ಕುಳಿತು ಬರೆದ ಪುಟ್ಟ ತಂತ್ರಾಂಶ. ಬೇರೊಂದು ತಂತ್ರಾಂಶಕ್ಕೋ ಕಡತಕ್ಕೋ ಅಂಟಿಕೊಂಡು, ಅದನ್ನು ತೆರೆದ ಕ್ಷಣದಲ್ಲಿ ತಾನೂ ಚಾಲನೆಗೊಂಡು, ಬಳಕೆದಾರನ ಅನುಮತಿಯಿಲ್ಲದೆ ತನ್ನ ಪ್ರತಿಗಳನ್ನು ಬೇರೆಡೆ ಬರೆಯುವುದು ಅದರ ಲಕ್ಷಣ. ಜನಬಳಕೆಯಲ್ಲಿ ಈ ಪದದ ವ್ಯಾಪ್ತಿ ಇನ್ನೂ ದೊಡ್ಡದು. ಯಾರ ಕೈಯನ್ನೂ ಕಾಯದೆ ಜಾಲದ ಮೂಲಕ ತಾನೇ ಹರಡುವ ‘ವರ್ಮ್’, ಉಪಯುಕ್ತ ತಂತ್ರಾಂಶದ ವೇಷದಲ್ಲಿ ಒಳಬರುವ ‘ಟ್ರೋಜನ್’, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ‘ರ್ಯಾನ್ಸಮ್‌ವೇರ್’, ಗುಪ್ತಪದ ಕದಿಯುವ ‘ಇನ್ಫೋಸ್ಟೀಲರ್’ ಇವೆಲ್ಲವನ್ನೂ ನಾವು ವೈರಸ್ ಎಂದೇ ಕರೆಯುತ್ತೇವೆ. ಈ ಲೇಖನದಲ್ಲಿಯೂ ಆ ಪದವನ್ನು ಅದೇ ವಿಶಾಲಾರ್ಥದಲ್ಲಿ ಬಳಸಲಾಗಿದೆ.

ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತಲಿನ ಓಣಿಗಳಲ್ಲಾಗಲಿ, ತಿಕೋಟಾ, ಬಬಲೇಶ್ವರದಂಥ ತಾಲ್ಲೂಕು ಕೇಂದ್ರಗಳಲ್ಲಾಗಲಿ ಮನೆಯ ಗಣಕಯಂತ್ರ ಒಬ್ಬರದಲ್ಲ. ಬೆಳಿಗ್ಗೆ ಅದರಲ್ಲಿ ಮಗಳು ಕಾಲೇಜಿನ ಪ್ರಾಜೆಕ್ಟ್ ಬೆರಳಚ್ಚಿಸುತ್ತಾಳೆ. ಮಧ್ಯಾಹ್ನ ಒಣದ್ರಾಕ್ಷಿ ಶೆಡ್ಡಿನ ಲೆಕ್ಕ ನಡೆಯುತ್ತದೆ. ರಾತ್ರಿ ಕಿರಿಯ ಮಗ ಹೊಸ ಆಟವೊಂದನ್ನು ಹುಡುಕುತ್ತಾನೆ. ಅಜ್ಜನ ಕೊನೆಯ ವರ್ಷದ ಭಾವಚಿತ್ರಗಳು, ಮದುವೆಯ ವಿಡಿಯೊ, ಉತಾರ ಮತ್ತು ಖರೀದಿಪತ್ರಗಳ ಸ್ಕ್ಯಾನ್ ಪ್ರತಿ, ಬ್ಯಾಂಕ್ ವ್ಯವಹಾರ ಎಲ್ಲವೂ ಅದೇ ಯಂತ್ರದಲ್ಲಿರುತ್ತವೆ. ಕಚೇರಿಗಳಲ್ಲಿ ಇವನ್ನೆಲ್ಲ ನೋಡಿಕೊಳ್ಳಲು ಒಬ್ಬ ನೌಕರನಾದರೂ ಇರುತ್ತಾನೆ. ಮನೆಯಲ್ಲಿ ಆ ಕಾವಲು ಮನೆಯವರದ್ದೇ.

ಹಿನ್ನೆಲೆ

ವೈಯಕ್ತಿಕ ಗಣಕಯಂತ್ರಗಳ ಮೊದಲ ವೈರಸ್ ಎಂದು ಸಾಮಾನ್ಯವಾಗಿ ಗುರುತಿಸಲಾಗುವ ‘ಬ್ರೇನ್’ ಹುಟ್ಟಿದ್ದು ನಮ್ಮ ನೆರೆಯಲ್ಲಿಯೇ. 1986ರಲ್ಲಿ ಪಾಕಿಸ್ತಾನದ ಲಾಹೋರಿನ ಇಬ್ಬರು ಸೋದರರು ಅದನ್ನು ಬರೆದರು. ತಮ್ಮ ವೈದ್ಯಕೀಯ ತಂತ್ರಾಂಶವನ್ನು ಜನ ಕಳ್ಳನಕಲು ಮಾಡುತ್ತಿದ್ದಾರೆ ಎಂಬುದು ಅವರ ತಕರಾರು. ವೈರಸ್ಸಿನೊಳಗೆ ಅವರು ತಮ್ಮ ಹೆಸರು, ಅಂಗಡಿಯ ವಿಳಾಸ, ದೂರವಾಣಿ ಸಂಖ್ಯೆಯನ್ನೂ ಬರೆದಿಟ್ಟಿದ್ದರು. ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತ ಅದು ಖಂಡಾಂತರ ಹೋಯಿತು. ಕಳ್ಳನಕಲು ತಂತ್ರಾಂಶಕ್ಕೂ ವೈರಸ್ಸಿಗೂ ಇರುವ ನಂಟು ಅಂದಿನಿಂದಲೇ ಆರಂಭವಾಯಿತು ಎನ್ನಬಹುದು.

1999ರ ಏಪ್ರಿಲ್ 26ರಂದು ‘ಸಿಐಎಚ್’ ಅಥವಾ ‘ಚೆರ್ನೋಬಿಲ್’ ವೈರಸ್ ಎಚ್ಚೆತ್ತಾಗ ಏಷ್ಯಾದ ಹಲವು ದೇಶಗಳಲ್ಲಿ ಯಂತ್ರಗಳು ಆರಂಭವಾಗದಂತೆಯೇ ಕೆಟ್ಟುಹೋದವು. ಹಾರ್ಡ್ ಡಿಸ್ಕಿನ ಮೊದಲ ಭಾಗವನ್ನಷ್ಟೇ ಅಲ್ಲ, ಮದರ್‌ಬೋರ್ಡಿನ ಬಯೋಸ್ ಚಿಪ್ಪನ್ನೂ ಅದು ಅಳಿಸುತ್ತಿತ್ತು. 2000ದ ಮೇ ತಿಂಗಳಿನಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ ‘ಐ ಲವ್ ಯೂ’ ಪ್ರೇಮಪತ್ರದ ಸೋಗಿನಲ್ಲಿ ಮಿಂಚಂಚೆಗಳ ಮೂಲಕ ಹರಡಿತು.

ಆ ಕಾಲದ ವೈರಸ್ ಲೇಖಕರಲ್ಲಿ ಅನೇಕರಿಗೆ ಬೇಕಾಗಿದ್ದುದು ಕೀರ್ತಿ. ಇಂದಿನವರಿಗೆ ಬೇಕಾಗಿರುವುದು ಹಣ. ಈ ವ್ಯತ್ಯಾಸವನ್ನು ಓದುಗರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಪರದೆಯ ಮೇಲೆ ತಲೆಬುರುಡೆ ತೋರಿಸಿ ನಗುವ ವೈರಸ್ ಈಗ ಅಪರೂಪ. ಸದ್ದಿಲ್ಲದೆ ಕುಳಿತು ಬ್ಯಾಂಕಿನ ಗುಪ್ತಪದಕ್ಕೆ ಕಾಯುವುದೇ ಹೆಚ್ಚು. ಮೈಕ್ರೋಸಾಫ್ಟ್ ಕಂಪನಿಯು ‘ಲುಮ್ಮಾ’ ಎಂಬ ಒಂದೇ ಇನ್ಫೋಸ್ಟೀಲರ್ 2025ರ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗಿನ ಎರಡು ತಿಂಗಳಲ್ಲಿ ಜಗತ್ತಿನಾದ್ಯಂತ 3 ಲಕ್ಷ 94 ಸಾವಿರಕ್ಕೂ ಹೆಚ್ಚು ವಿಂಡೋಸ್ ಯಂತ್ರಗಳಲ್ಲಿ ಇದ್ದುದನ್ನು ಗುರುತಿಸಿತು. ‘ನನ್ನ ಯಂತ್ರದಲ್ಲಿ ಕದಿಯುವಂಥದ್ದೇನಿದೆ’ ಎಂಬ ಪ್ರಶ್ನೆ ಇಲ್ಲಿ ನಿಲ್ಲುವುದಿಲ್ಲ. ಕಳ್ಳನು ಮನೆ ನೋಡಿ ಬರುವುದಿಲ್ಲ. ಸಿಕ್ಕ ಬಾಗಿಲನ್ನೆಲ್ಲ ತಳ್ಳಿ ನೋಡುತ್ತಾನೆ.

ಪೆನ್‌ಡ್ರೈವ್ ಎಂಬ ಹೆದ್ದಾರಿ

ನಮ್ಮ ಭಾಗದಲ್ಲಿ ವೈರಸ್ ಮನೆ ಸೇರುವ ಹಳೆಯ ಹಾಗೂ ಇಂದಿಗೂ ಮುಚ್ಚದ ಮಾರ್ಗ ಪೆನ್‌ಡ್ರೈವ್. ಮನೆಯಲ್ಲಿ ಪ್ರಿಂಟರ್ ಇಲ್ಲದವರು ಕಡತವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಝರಾಕ್ಸ್ ಅಥವಾ ಡಿಟಿಪಿ ಅಂಗಡಿಗೆ ಹೋಗುತ್ತಾರೆ. ಕಾಲೇಜು ಪ್ರವೇಶದ ದಿನಗಳಲ್ಲಿ, ಸರ್ಕಾರಿ ನೇಮಕಾತಿಯ ಅರ್ಜಿ ಕರೆದಾಗ ಅಂಥ ಅಂಗಡಿಯ ಒಂದೇ ಯಂತ್ರಕ್ಕೆ ದಿನವಿಡೀ ಕೈಬದಲಾಯಿಸಿ ಪೆನ್‌ಡ್ರೈವ್‌ಗಳು ಚುಚ್ಚಲ್ಪಡುತ್ತವೆ. ಬೆಳಿಗ್ಗೆ ಬಂದ ಒಂದು ಪೆನ್‌ಡ್ರೈವಿನ ವೈರಸ್ ಸಂಜೆಯ ವೇಳೆಗೆ ಹತ್ತಾರು ಮನೆ ಸೇರಲು ಇಷ್ಟು ಸಾಕು. ಅಂಗಡಿಯವನನ್ನು ದೂಷಿಸಿ ಪ್ರಯೋಜನವಿಲ್ಲ; ಅವನ ಯಂತ್ರ ಸಂತೆಯ ಬಾವಿಯಿದ್ದಂತೆ, ಎಲ್ಲರ ಕೊಡವೂ ಅದರಲ್ಲಿ ಇಳಿಯುತ್ತದೆ.

ಹಿಂದೆ ಪೆನ್‌ಡ್ರೈವ್ ಚುಚ್ಚಿದೊಡನೆ ಅದರೊಳಗಿನ ‘ಆಟೊರನ್’ ಆದೇಶವನ್ನು ವಿಂಡೋಸ್ ತಾನಾಗಿಯೇ ಪಾಲಿಸುವ ಸಂಭವವಿತ್ತು. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ‘ಕಾನ್‌ಫಿಕರ್’ ಈ ದಾರಿಯನ್ನೂ ಬಳಸಿ ಹರಡಿತು. ವಿಂಡೋಸ್ 7ರಲ್ಲಿ ಈ ಸೌಲಭ್ಯವನ್ನು ಪೆನ್‌ಡ್ರೈವ್‌ಗಳ ಮಟ್ಟಿಗೆ ತೆಗೆದುಹಾಕಲಾಯಿತು. 2011ರ ಫೆಬ್ರುವರಿಯಲ್ಲಿ ಎಕ್ಸ್‌ಪಿ ಮತ್ತು ವಿಸ್ತಾ ಆವೃತ್ತಿಗಳಿಗೂ ಅದೇ ಪರಿಷ್ಕರಣೆ ಬಂದಿತು. ಅಲ್ಲಿಗೆ ಪೀಡೆ ತೊಲಗಲಿಲ್ಲ, ರೂಪ ಬದಲಿಸಿತು.

ಈಗ ಹೆಚ್ಚಾಗಿ ಕಾಣುವುದು ‘ಶಾರ್ಟ್‌ಕಟ್ ವೈರಸ್’. ಪೆನ್‌ಡ್ರೈವಿನಲ್ಲಿದ್ದ ಕಡತಕೋಶಗಳೆಲ್ಲ ಮಾಯವಾಗಿ, ಅದೇ ಹೆಸರಿನ, ಮೂಲೆಯಲ್ಲಿ ಸಣ್ಣ ಬಾಣದ ಗುರುತಿರುವ ಚಿಹ್ನೆಗಳು ಉಳಿದಿರುತ್ತವೆ. ವಾಸ್ತವದಲ್ಲಿ ಮೂಲ ಕಡತಗಳು ಎಲ್ಲಿಯೂ ಹೋಗಿರುವುದಿಲ್ಲ. ವೈರಸ್ ಅವುಗಳಿಗೆ ‘ಅಡಗಿದ ಕಡತ’ ಎಂಬ ಗುರುತು ಹಚ್ಚಿರುತ್ತದೆ. ಬಾಣದ ಚಿಹ್ನೆಯನ್ನು ಒತ್ತಿದಾಗ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ: ಮೂಲ ಕಡತಕೋಶವೂ ತೆರೆಯುತ್ತದೆ, ವೈರಸ್ಸೂ ಯಂತ್ರದೊಳಗೆ ಇಳಿಯುತ್ತದೆ. ಬೇಕಾದದ್ದು ತೆರೆದುಕೊಂಡಿತಲ್ಲ ಎಂದು ಬಳಕೆದಾರ ಸಂಶಯಪಡುವುದಿಲ್ಲ. ಈ ವೈರಸ್ಸಿನ ಜಾಣತನವೆಲ್ಲ ಇರುವುದು ಅಲ್ಲಿ.

ಇಂಥ ಪೆನ್‌ಡ್ರೈವ್ ಕೈಗೆ ಬಂದಾಗ ಗಾಬರಿಯಿಂದ ಫಾರ್ಮ್ಯಾಟ್ ಮಾಡಬಾರದು. ಯಾವ ಬಾಣದ ಚಿಹ್ನೆಯನ್ನೂ ಒತ್ತದೆ, ಮೊದಲು ಡ್ರೈವಿನ ಮೇಲೆ ಬಲಗುಂಡಿ ಒತ್ತಿ ವೈರಸ್ ನಿರೋಧಕದಿಂದ ಸ್ಕ್ಯಾನ್ ಮಾಡಿಸಬೇಕು. ಬಳಿಕ ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ ಪಟ್ಟಿಯಲ್ಲಿ ‘ಹಿಡನ್ ಐಟಮ್ಸ್’ ಎಂಬುದನ್ನು ಆರಿಸಿ, ಅಗತ್ಯ ಬಿದ್ದರೆ ‘ಫೋಲ್ಡರ್ ಆಪ್ಷನ್ಸ್’ನಲ್ಲಿ ರಕ್ಷಿತ ಕಡತಗಳನ್ನು ಅಡಗಿಸುವ ಆಯ್ಕೆಯನ್ನು ತಾತ್ಕಾಲಿಕವಾಗಿ ತೆಗೆದರೆ ಮೂಲ ಕಡತಗಳು ಮಸುಕಾಗಿ ಕಾಣುತ್ತವೆ. ದಾಖಲೆಗಳನ್ನೂ ಚಿತ್ರಗಳನ್ನೂ ಮಾತ್ರ ಸುರಕ್ಷಿತ ಜಾಗಕ್ಕೆ ನಕಲಿಸಿಕೊಂಡು, ಕೊನೆಯಲ್ಲಿ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡುವುದು ಕ್ರಮ.

ಇಷ್ಟು ಕಷ್ಟಕ್ಕೆ ಬೀಳದಿರಲು ಅಂಗಡಿಗೆಂದೇ ಒಂದು ಸಣ್ಣ ಪೆನ್‌ಡ್ರೈವ್ ಮೀಸಲಿಡುವುದು ಒಳ್ಳೆಯದು. ಅದರಲ್ಲಿ ಮುದ್ರಿಸಬೇಕಾದ ಪಿಡಿಎಫ್ ಕಡತದ ಹೊರತು ಬೇರೇನೂ ಇರಕೂಡದು. ಮನೆಗೆ ಮರಳಿದ ಕೂಡಲೇ ಸ್ಕ್ಯಾನ್ ಮಾಡಿ ಬರಿದು ಮಾಡಬೇಕು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ತೆಗೆದ ನಂದಿಧ್ವಜಗಳ ಮೆರವಣಿಗೆಯ ಚಿತ್ರಗಳನ್ನು ಗೆಳೆಯರು ಪೆನ್‌ಡ್ರೈವಿನಲ್ಲಿ ತಂದುಕೊಟ್ಟಾಗಲೂ ಇದೇ ನಿಯಮ. ಗೆಳೆಯ ನಂಬಿಗಸ್ಥನಿರಬಹುದು, ಅವನ ಯಂತ್ರದ ಬಗ್ಗೆ ಅವನಿಗೇ ತಿಳಿದಿರಲಾರದು. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ ‘ಯುಎಸ್‌ಬಿ ಪ್ರತಿರೋಧ್’ ಎಂಬ ಉಚಿತ ತಂತ್ರಾಂಶವು, ನಾವು ಅನುಮತಿಸಿದ ಪೆನ್‌ಡ್ರೈವ್‌ಗಳನ್ನು ಮಾತ್ರ ಯಂತ್ರ ಒಪ್ಪುವಂತೆ ಮಾಡಲೆಂದೇ ರೂಪಿತವಾದದ್ದು. 2017ರ ಫೆಬ್ರುವರಿಯಲ್ಲಿ ಆರಂಭವಾದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ಮೂಲಕ ಅದನ್ನು ಜನರಿಗೆ ಪರಿಚಯಿಸಲಾಯಿತು.

ಅಂಗಡಿಯವರಿಗೆ ವಾಟ್ಸ್‌ಆ್ಯಪ್ ಮೂಲಕ ಕಡತ ಕಳಿಸುವ ರೂಢಿ ಈಗ ಬಂದಿದೆ. ಪೆನ್‌ಡ್ರೈವಿನ ಉಪದ್ರವ ಅಲ್ಲಿಲ್ಲ, ನಿಜ. ಆದರೆ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ ಅಂಗಡಿಯ ಯಂತ್ರದಲ್ಲಿ ಉಳಿಯುತ್ತವೆ ಎಂಬುದನ್ನು ಮರೆಯುವಂತಿಲ್ಲ. ಮುದ್ರಣವಾದ ಬಳಿಕ ಅಳಿಸಿ ಎಂದು ನಿಂತು ಹೇಳಿ ಬರುವುದರಲ್ಲಿ ಸಂಕೋಚ ಬೇಡ.

ಪುಕ್ಕಟೆ ತಂತ್ರಾಂಶದ ಬೆಲೆ

ಎರಡನೆಯ ದೊಡ್ಡ ಬಾಗಿಲು ‘ಕ್ರ್ಯಾಕ್’ ಮಾಡಿದ ತಂತ್ರಾಂಶ. ಹಣ ಕೊಟ್ಟು ಕೊಳ್ಳಬೇಕಾದ ವಿಂಡೋಸ್, ಆಫೀಸ್, ಫೋಟೊಶಾಪ್, ಆಟಗಳು ಇವನ್ನೆಲ್ಲ ಪುಕ್ಕಟೆಯಾಗಿ ನಡೆಯುವಂತೆ ಮಾಡುವ ‘ಆ್ಯಕ್ಟಿವೇಟರ್’, ‘ಕೀಜೆನ್’ ಎಂಬ ಪುಟ್ಟ ಕಡತಗಳು ಅಂತರಜಾಲದಲ್ಲಿ ಹೇರಳ. ಅವನ್ನು ಹಾಕುವ ಮುನ್ನ ವೈರಸ್ ನಿರೋಧಕವನ್ನು ಸ್ಥಗಿತಗೊಳಿಸಿ ಎಂಬ ಸೂಚನೆಯೂ ಜೊತೆಗಿರುತ್ತದೆ. ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆಯಿರಿ ಎಂದು ಅಪರಿಚಿತನೊಬ್ಬ ಹೇಳಿದರೆ ನಾವು ಕೇಳುವುದಿಲ್ಲ. ಯಂತ್ರದ ಮುಂದೆ ಕುಳಿತಾಗ ಕೇಳುತ್ತೇವೆ.

‘ಸ್ಟಾಪ್’ ಅಥವಾ ‘ಡಿಜೆವಿಯು’ ಎಂಬ ರ್ಯಾನ್ಸಮ್‌ವೇರ್ ಕುಟುಂಬ ಈ ದಾರಿಯಿಂದಲೇ ಬೆಳೆಯಿತು. ದೊಡ್ಡ ಕಂಪನಿಗಳ ಗೊಡವೆಗೆ ಹೋಗದೆ, ಕಳ್ಳನಕಲು ಹುಡುಕುವ ವಿದ್ಯಾರ್ಥಿಗಳನ್ನೂ ಮನೆ ಬಳಕೆದಾರರನ್ನೂ ಅದು ಗುರಿಯಾಗಿಸಿಕೊಂಡಿತು. ಯಂತ್ರದೊಳಗೆ ಇಳಿದೊಡನೆ ಚಿತ್ರ, ದಾಖಲೆ, ಲೆಕ್ಕಪತ್ರಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಪ್ರತಿ ಕಡತದ ಹೆಸರಿನ ಕೊನೆಗೆ ವಿಚಿತ್ರ ಅಕ್ಷರಗಳನ್ನು ಜೋಡಿಸುತ್ತದೆ. ಜೊತೆಗೊಂದು ಪತ್ರ: ಬೀಗದ ಕೈಗೆ 980 ಡಾಲರ್, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ರಿಯಾಯಿತಿ, ಅಂದರೆ 490 ಡಾಲರ್. ಕಿರಾಣಿ ಅಂಗಡಿಯ ಹಬ್ಬದ ರಿಯಾಯಿತಿಯ ಧಾಟಿಯಲ್ಲಿಯೇ ಸುಲಿಗೆಯ ಪತ್ರ ಬರೆದಿರುತ್ತಾರೆ.

ಗೂಢಲಿಪಿಗೆ ತಿರುಗಿಸುವ ವೇಳೆ ವೈರಸ್ಸಿಗೆ ತನ್ನ ಒಡೆಯನ ಯಂತ್ರದೊಂದಿಗೆ ಸಂಪರ್ಕ ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ಕಡತಗಳ ಭವಿಷ್ಯ ನಿಂತಿರುತ್ತದೆ. ಸಂಪರ್ಕ ಸಿಗದಿದ್ದರೆ ಅದು ತನ್ನೊಳಗೇ ಇರುವ ಸಾಮಾನ್ಯ ಬೀಗದ ಕೈಯನ್ನು ಬಳಸುತ್ತದೆ. ಅಂಥ ಕೆಲವನ್ನು ಭದ್ರತಾ ತಜ್ಞರು ಪತ್ತೆಹಚ್ಚಿ ಉಚಿತ ಬಿಡುಗಡೆ ಸಾಧನ ನೀಡಿದ್ದಾರೆ. ಸಂಪರ್ಕ ಸಿಕ್ಕಿದ್ದರೆ ಪ್ರತಿ ಯಂತ್ರಕ್ಕೂ ಬೇರೆ ಕೈ. ಹೊಸ ತಳಿಗಳಲ್ಲಿ ಅದನ್ನು ಹೊರಗಿನವರು ಲೆಕ್ಕ ಹಾಕಿ ತೆಗೆಯುವುದು ಕಾರ್ಯತಃ ಅಸಾಧ್ಯ. ಎರಡು ವರ್ಷದ ದ್ರಾಕ್ಷಿ ವ್ಯಾಪಾರದ ಲೆಕ್ಕವೂ ತೀರಿಹೋದವರ ಚಿತ್ರಗಳೂ ಒಂದು ಆಟದ ಆಸೆಗೆ ಬಲಿಯಾಗುವುದು ಹೀಗೆ.

ಮೂಲ ತಂತ್ರಾಂಶದ ಬೆಲೆ ಸಾಮಾನ್ಯ ಕುಟುಂಬಕ್ಕೆ ಭಾರ ಎಂಬುದನ್ನು ಈ ಲೇಖಕ ಅಲ್ಲಗಳೆಯುವುದಿಲ್ಲ. ಆದರೆ ಕಳ್ಳನಕಲೊಂದೇ ದಾರಿ ಎಂಬುದು ಸರಿಯಲ್ಲ. ಪತ್ರ ಬರೆಯಲು, ಲೆಕ್ಕ ಹಾಕಲು ‘ಲಿಬ್ರೆ ಆಫೀಸ್’ ಉಚಿತವಾಗಿ, ಕಾನೂನುಬದ್ಧವಾಗಿ ದೊರೆಯುತ್ತದೆ. ಹಳೆಯ ಯಂತ್ರಕ್ಕೆ ಉಬುಂಟು, ಮಿಂಟ್ ಮೊದಲಾದ ಲಿನಕ್ಸ್ ಆವೃತ್ತಿಗಳಿವೆ. ಕನ್ನಡದ ‘ನುಡಿ’ ತಂತ್ರಾಂಶವನ್ನು ಯಾರದೋ ಪೆನ್‌ಡ್ರೈವಿನಿಂದಾಗಲಿ, ಹೆಸರಿಲ್ಲದ ಜಾಲತಾಣದಿಂದಾಗಲಿ ಹಾಕಿಕೊಳ್ಳದೆ ಕನ್ನಡ ಗಣಕ ಪರಿಷತ್ತಿನ ತಾಣದಿಂದಲೇ ಪಡೆಯುವುದು ಲೇಸು. ಕೇವಲ ಯೂನಿಕೋಡ್ ಬೆರಳಚ್ಚು ಸಾಕೆನ್ನುವವರಿಗೆ ಅದರ ಅಗತ್ಯವೂ ಇಲ್ಲ. 2019ರ ಮೇ ತಿಂಗಳಿನ ಪರಿಷ್ಕರಣೆಯಿಂದ ವಿಂಡೋಸ್ 10ರಲ್ಲಿಯೇ ಕನ್ನಡದ ಉಚ್ಚಾರಣಾಧಾರಿತ ಕೀಲಿಮಣೆ ಸೇರಿದೆ.

ಪರಿಷ್ಕರಣೆ ಮತ್ತು ಕಾವಲು

2017ರ ಮೇ 12ರಂದು ‘ವಾನಾಕ್ರೈ’ ಎಂಬ ರ್ಯಾನ್ಸಮ್‌ವೇರ್ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಹಿಡಿಯಿತು. ಭಾರತದಲ್ಲಿಯೂ ಪಶ್ಚಿಮ ಬಂಗಾಳ, ಆಂಧ್ರಪ್ರದೇಶ ಮೊದಲಾದೆಡೆ ಸರ್ಕಾರಿ ಕಚೇರಿಗಳ ಕೆಲವು ಯಂತ್ರಗಳು ಬೀಗ ಹಾಕಿಸಿಕೊಂಡವು. ಇಲ್ಲಿ ಗಮನಿಸಬೇಕಾದ ದಿನಾಂಕ ಮತ್ತೊಂದಿದೆ. ಆ ವೈರಸ್ ನುಗ್ಗಿದ ರಂಧ್ರವನ್ನು ಮುಚ್ಚುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಎಂಟು ವಾರಗಳ ಅವಕಾಶವಿದ್ದರೂ ‘ನಾಳೆ ಮಾಡೋಣ’ ಎಂದು ಮುಂದೂಡಿದ ಯಂತ್ರಗಳೇ ಸಿಕ್ಕಿಬಿದ್ದವು.

ಆದ್ದರಿಂದ ವಿಂಡೋಸ್ ಅಪ್‌ಡೇಟ್ ಎಂಬುದನ್ನು ಡೇಟಾ ಉಳಿಸುವ ನೆಪದಲ್ಲಿ ಸ್ಥಗಿತಗೊಳಿಸಬಾರದು. ಮೊಬೈಲ್ ಹಾಟ್‌ಸ್ಪಾಟಿನಿಂದಲೇ ಗಣಕಯಂತ್ರ ನಡೆಸುವ ಮನೆಗಳಲ್ಲಿ ಇದು ಕಷ್ಟವೆನಿಸುವುದು ಸಹಜ; ಅಂಥವರು ತಿಂಗಳಿಗೊಮ್ಮೆಯಾದರೂ, ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆಯಾಗುವ ಭದ್ರತಾ ಪರಿಷ್ಕರಣೆಯನ್ನು ಪಡೆದುಕೊಳ್ಳಲಿ. ಬ್ರೌಸರಿಗೂ ಇದೇ ಮಾತು ಅನ್ವಯಿಸುತ್ತದೆ.

ಹಳೆಯ ಆವೃತ್ತಿಗಳ ಸ್ಥಿತಿ ಹೀಗಿದೆ: ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 10 ಬಳಸುವ ಮನೆಗಳು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್‌ವರೆಗೆ ಭದ್ರತಾ ಪರಿಷ್ಕರಣೆ ನೀಡುವುದಾಗಿ ಕಂಪನಿ ಪ್ರಕಟಿಸಿತ್ತು. ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರಿನ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಅಂಥ ಯಂತ್ರವನ್ನು ಎಸೆಯಬೇಕಿಲ್ಲ. ಲಿನಕ್ಸ್ ಹಾಕಿ ಮಕ್ಕಳ ಓದಿಗೆ ಬಿಡಬಹುದು. ಬ್ಯಾಂಕ್ ವ್ಯವಹಾರವನ್ನು ಮಾತ್ರ ಬೆಂಬಲವಿಲ್ಲದ ವಿಂಡೋಸಿನಲ್ಲಿ ನಡೆಸಕೂಡದು.

ವೈರಸ್ ನಿರೋಧಕ ಯಾವುದು ಒಳ್ಳೆಯದೆಂಬ ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತದೆ. 2012ರ ವಿಂಡೋಸ್ 8ರಿಂದ ಈಚೆಗೆ ‘ಡಿಫೆಂಡರ್’ ವಿಂಡೋಸಿನ ಒಳಗೇ ಬರುತ್ತದೆ. ಪರಿಷ್ಕರಣೆಗಳನ್ನು ತಪ್ಪದೆ ಪಡೆಯುವ, ಕಳ್ಳನಕಲು ಹಾಕದ ಮನೆಗೆ ಅದು ಸಾಕು ಎಂಬುದು ನಮ್ಮ ಅಭಿಪ್ರಾಯ. ಹಣ ಕೊಟ್ಟು ಕೊಳ್ಳುವವರಿಗೆ ನೆರೆಯ ಪುಣೆಯ ‘ಕ್ವಿಕ್ ಹೀಲ್’ ಸೇರಿದಂತೆ ಹಲವು ಆಯ್ಕೆಗಳಿವೆ. ಯಾವುದನ್ನೇ ಆರಿಸಿದರೂ ಎರಡು ನಿರೋಧಕಗಳನ್ನು ಒಟ್ಟಿಗೆ ಹಾಕಬಾರದು. ಅವು ಪರಸ್ಪರ ಸಂಶಯಿಸಿ ಯಂತ್ರವನ್ನು ತೆವಳಿಸುತ್ತವೆ. ಅವಧಿ ಮುಗಿದ ನಿರೋಧಕವನ್ನು ಕಿತ್ತುಹಾಕಿದರೆ ಡಿಫೆಂಡರ್ ತಾನಾಗಿಯೇ ಕಾವಲಿಗೆ ನಿಲ್ಲುತ್ತದೆ. ‘ವಿಂಡೋಸ್ ಸೆಕ್ಯೂರಿಟಿ’ಯಲ್ಲಿರುವ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಎಂಬ ಆಯ್ಕೆಯನ್ನು ಚಾಲನೆಗೊಳಿಸಿದರೆ ಅಪರಿಚಿತ ತಂತ್ರಾಂಶಗಳು ದಾಖಲೆ, ಚಿತ್ರಗಳ ಕೋಶಗಳನ್ನು ಬದಲಿಸದಂತೆ ತಡೆ ಬೀಳುತ್ತದೆ. ಕೆಲವೊಮ್ಮೆ ಸಾಧು ತಂತ್ರಾಂಶವನ್ನೂ ತಡೆಯುವುದರಿಂದ ಅನೇಕರು ಬೇಸರಗೊಂಡು ಅದನ್ನು ನಿಲ್ಲಿಸುತ್ತಾರೆ. ಬೇಕಾದ ತಂತ್ರಾಂಶಕ್ಕೆ ಒಮ್ಮೆ ಅನುಮತಿ ಕೊಟ್ಟರೆ ಆ ಕಿರಿಕಿರಿ ತಪ್ಪುತ್ತದೆ.

ಮನೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಬಳಕೆದಾರ ಖಾತೆ ತೆರೆದು, ಆಡಳಿತಗಾರನ ಅಧಿಕಾರವನ್ನು ಹಿರಿಯರ ಒಂದು ಖಾತೆಗೆ ಮಾತ್ರ ಉಳಿಸಬೇಕು. ಮಕ್ಕಳ ಖಾತೆ ‘ಸ್ಟ್ಯಾಂಡರ್ಡ್’ ಆಗಿರಲಿ. ಆಗ ಹೊಸ ತಂತ್ರಾಂಶ ಹಾಕುವ ಮುನ್ನ ಯಂತ್ರ ಹಿರಿಯರ ಗುಪ್ತಪದ ಕೇಳುತ್ತದೆ. ಎಲ್ಲ ವೈರಸ್ಸುಗಳನ್ನೂ ಇದು ತಡೆಯದು, ಆದರೆ ಹಾನಿ ಯಂತ್ರದ ಆಳಕ್ಕೆ ಇಳಿಯುವುದನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

ಬಾಗಿಲು ತಟ್ಟುವ ವೇಷಗಳು

ಮಿಂಚಂಚೆ, ವಾಟ್ಸ್‌ಆ್ಯಪ್ ವೆಬ್, ಜಾಲತಾಣ ಯಾವುದೇ ಇರಲಿ, ಇಂದಿನ ವೈರಸ್ ಒಳಬರುವುದು ನಮ್ಮ ಕೈಯಿಂದಲೇ ಒತ್ತಿಸಿಕೊಂಡು. ವಿಂಡೋಸ್ ಕಡತದ ಹೆಸರಿನ ಕೊನೆಯ ಭಾಗವನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಹೀಗಾಗಿ ‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂಬ ಕಡತ ‘ಬಿಲ್ ಡಾಟ್ ಪಿಡಿಎಫ್’ ಎಂದಷ್ಟೇ ಕಾಣುತ್ತದೆ. 2000ದ ‘ಐ ಲವ್ ಯೂ’ ಪತ್ರವೂ ಇದೇ ಯುಕ್ತಿಯನ್ನು ಹೂಡಿತ್ತು. ಪಠ್ಯ ಕಡತದಂತೆ ಕಂಡದ್ದು ವಾಸ್ತವದಲ್ಲಿ ಚಾಲನೆಗೊಳ್ಳುವ ಸ್ಕ್ರಿಪ್ಟ್ ಆಗಿತ್ತು. ಕಾಲು ಶತಮಾನ ಕಳೆದರೂ ಈ ಯುಕ್ತಿ ಸವೆದಿಲ್ಲ. ‘ವ್ಯೂ’ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆರಿಸುವುದು ಒಂದು ನಿಮಿಷದ ಕೆಲಸ, ಇಂದೇ ಮಾಡಿಕೊಳ್ಳಿರಿ.

2024ರಿಂದೀಚೆಗೆ ವ್ಯಾಪಕವಾಗಿರುವ ಮತ್ತೊಂದು ವೇಷವನ್ನು ವಿವರವಾಗಿ ಹೇಳಬೇಕು. ಯಾವುದೋ ತಾಣಕ್ಕೆ ಹೋದಾಗ ‘ನೀವು ಮನುಷ್ಯರೆಂದು ಸಾಬೀತುಪಡಿಸಿ’ ಎಂಬ ಚೌಕ ಬರುತ್ತದೆ. ಒತ್ತಿದ ಬಳಿಕ, ವಿಂಡೋಸ್ ಕೀಲಿ ಮತ್ತು ‘ಆರ್’ ಅಕ್ಷರವನ್ನು ಒಟ್ಟಿಗೆ ಒತ್ತಿ, ನಂತರ ಕಂಟ್ರೋಲ್ ಮತ್ತು ‘ವಿ’ ಒತ್ತಿ, ಎಂಟರ್ ಹೊಡೆಯಿರಿ ಎಂದು ಅದು ಸೂಚಿಸುತ್ತದೆ. ಹಾಗೆ ಮಾಡಿದವರು, ತಮಗರಿವಿಲ್ಲದೆ ತಾಣವು ನಕಲಿಸಿಟ್ಟ ಆದೇಶವೊಂದನ್ನು ತಮ್ಮ ಕೈಯಾರೆ ಯಂತ್ರಕ್ಕೆ ಕೊಟ್ಟಂತಾಗುತ್ತದೆ. ಮೇಲೆ ಹೇಳಿದ ಲುಮ್ಮಾ ಹರಡಿದ ದಾರಿಗಳಲ್ಲಿ ಇದೂ ಒಂದು. ನಿಜವಾದ ಯಾವ ತಾಣವೂ ಮನುಷ್ಯನನ್ನು ಗುರುತಿಸಲು ಈ ಕೀಲಿಗಳನ್ನು ಒತ್ತಿಸುವುದಿಲ್ಲ.

‘ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಪರದೆ ತುಂಬ ಕೆಂಪಾಗಿ ಕೂಗುವ ಪುಟಗಳೂ ವಂಚನೆಯೇ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಕೊಡುವುದಿಲ್ಲ. ಕರೆ ಮಾಡಿದವರಿಂದ ‘ಎನಿಡೆಸ್ಕ್’ನಂಥ ದೂರನಿಯಂತ್ರಣ ತಂತ್ರಾಂಶ ಹಾಕಿಸಿ, ಅವರ ಕಣ್ಣೆದುರೇ ಖಾತೆ ಬರಿದು ಮಾಡುವುದು ಆ ಕಡೆಯವನ ಉದ್ಯೋಗ. ಮೊಬೈಲಿಗೆ ಬರುವ ‘ಮದುವೆಯ ಕರೆಯೋಲೆ’, ‘ಸಂಚಾರ ದಂಡದ ಚಲನ್’ ಎಂಬ ಹೆಸರಿನ ಎಪಿಕೆ ಕಡತಗಳದು ಬೇರೆಯದೇ ಅಧ್ಯಾಯ. ಕರೆಯೋಲೆಗೆ ಎಪಿಕೆ ರೂಪ ಬೇಕಿಲ್ಲ ಎಂದು ಹೇಳಿ ಮುಂದೆ ಹೋಗೋಣ.

ನಕಲು ಪ್ರತಿ ಇಲ್ಲದ ಕಡತ ಇದ್ದೂ ಇಲ್ಲದಂತೆ

ಎಷ್ಟೇ ಕಾವಲಿದ್ದರೂ ಒಂದು ದಿನ ತಪ್ಪಬಹುದು. ಆ ದಿನಕ್ಕೆ ಉಳಿಯುವುದು ನಕಲು ಪ್ರತಿ ಮಾತ್ರ. ಮೊದಲಿಗೆ ಮನೆಯವರು ಕುಳಿತು ಯಾವುದು ಮತ್ತೆ ದೊರೆಯುತ್ತದೆ, ಯಾವುದು ದೊರೆಯುವುದಿಲ್ಲ ಎಂದು ವಿಂಗಡಿಸಬೇಕು. ಉತಾರವನ್ನು ಭೂಮಿ ವ್ಯವಸ್ಥೆಯಿಂದ ಮತ್ತೆ ತೆಗೆಸಬಹುದು. ಚಾಲನಾ ಪರವಾನಗಿ ಮೊದಲಾದವು ಡಿಜಿಲಾಕರಿನಲ್ಲಿ ದೊರೆಯುತ್ತವೆ. ಸಿನಿಮಾ, ಹಾಡುಗಳ ಚಿಂತೆ ಬೇಡ. ಆದರೆ ಕುಟುಂಬದ ಚಿತ್ರಗಳು, ಕೈಯಿಂದ ಬರೆದಿಟ್ಟ ಲೆಕ್ಕ, ಮಕ್ಕಳ ಬರವಣಿಗೆ, ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಹಸ್ತಪ್ರತಿ ಇವಕ್ಕೆ ಬದಲಿಯಿಲ್ಲ. ಹೀಗೆ ವಿಂಗಡಿಸಿದರೆ ನಕಲು ಮಾಡಬೇಕಾದ ರಾಶಿ ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದೆಂದು ತಿಳಿಯುತ್ತದೆ.

ತಜ್ಞರು ಹೇಳುವ ಸೂತ್ರ ಮೂರು-ಎರಡು-ಒಂದು: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಮನೆಯ ಹೊರಗೆ. ಹೊರಗಿನ ಹಾರ್ಡ್ ಡಿಸ್ಕನ್ನು ನಕಲು ಮುಗಿದ ಕೂಡಲೇ ಕಳಚಿ ಕಪಾಟಿನಲ್ಲಿಡಬೇಕು. ಸದಾ ಚುಚ್ಚಿಕೊಂಡೇ ಇರುವ ಡಿಸ್ಕನ್ನು ರ್ಯಾನ್ಸಮ್‌ವೇರ್ ಯಂತ್ರದ ಇನ್ನೊಂದು ಕೋಣೆಯೆಂದೇ ಭಾವಿಸುತ್ತದೆ, ಅದಕ್ಕೂ ಬೀಗ ಹಾಕುತ್ತದೆ. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳಲ್ಲಿಯೂ ಕೆಟ್ಟ ಕಡತ ಒಳ್ಳೆಯದರ ಮೇಲೆ ಬರೆಯಲ್ಪಡುವ ಭಯವಿದೆ. ಆದರೆ ಹಿಂದಿನ ಆವೃತ್ತಿಗಳನ್ನು ಅವು ಸುಮಾರು 30 ದಿನ ಉಳಿಸಿಕೊಳ್ಳುವುದರಿಂದ ಬೇಗ ಎಚ್ಚೆತ್ತವರಿಗೆ ಮರಳಿ ಪಡೆಯುವ ಅವಕಾಶ ಇರುತ್ತದೆ.

ಇದೇ ವಿಜಯಪುರದಲ್ಲಿ ವಕೀಲಿ ವೃತ್ತಿ ನಡೆಸಿದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಡವೋಲೆ ಕಟ್ಟುಗಳನ್ನು ಹುಡುಕಿ, ನಕಲಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಮುದ್ರಣಕ್ಕೆ ತಂದರು. ಒಂದೇ ಕಟ್ಟಿನಲ್ಲಿ ಉಳಿದ ಬರಹ ಗೆದ್ದಲಿನ ಪಾಲಾಗುವುದಕ್ಕೂ ಒಂದೇ ಡಿಸ್ಕಿನಲ್ಲಿ ಉಳಿದ ಚಿತ್ರ ರ್ಯಾನ್ಸಮ್‌ವೇರಿನ ಪಾಲಾಗುವುದಕ್ಕೂ ಹೆಚ್ಚು ಅಂತರವಿಲ್ಲ.

ತಗುಲಿದ ಮೇಲೆ

ನಿಧಾನವಾದ ಯಂತ್ರಕ್ಕೆಲ್ಲ ವೈರಸ್ ತಗುಲಿದೆ ಎಂದಲ್ಲ. ಉಷ್ಣಾಂಶ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ಫ್ಯಾನಿಗೆ ಧೂಳು ಮೆತ್ತಿದ ಯಂತ್ರ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಸಾಯುವ ಮುನ್ನವೂ ಇದೇ ಲಕ್ಷಣ ತೋರುತ್ತದೆ. ರಿಪೇರಿಯವರು ‘ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಬೇಕು’ ಎಂದೊಡನೆ ಒಪ್ಪದೆ, ಏನು ಕಂಡಿತು ಎಂದು ಕೇಳಿ. ಒಪ್ಪುವುದಾದರೆ ಕಡತಗಳ ನಕಲು ತೆಗೆದ ಬಳಿಕವೇ ಒಪ್ಪಿರಿ.

ನಿಜವಾದ ಸೂಚನೆಗಳು ಬೇರೆ: ಕಡತಗಳ ಹೆಸರಿನ ಕೊನೆ ಬದಲಾಗುವುದು, ವೈರಸ್ ನಿರೋಧಕ ತಾನಾಗಿ ನಿಂತುಹೋಗುವುದು, ಬ್ರೌಸರಿನ ಮುಖಪುಟ ಬದಲಾಗುವುದು, ನಾವು ಕಳಿಸದ ಸಂದೇಶ ಪರಿಚಿತರಿಗೆ ತಲುಪುವುದು. ಆಗ ಮೊದಲ ಕೆಲಸ ಅಂತರಜಾಲ ಸಂಪರ್ಕ ಕಡಿಯುವುದು. ವೈಫೈ ಆರಿಸಿ, ಕೇಬಲ್ ಕೀಳಬೇಕು, ಹೊರಗಿನ ಡಿಸ್ಕ್ ಚುಚ್ಚಿದ್ದರೆ ಕಳಚಬೇಕು. ಪರದೆಯ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು. ಬಳಿಕ ಬೇರೊಂದು ಶುದ್ಧ ಸಾಧನದಿಂದ ಬ್ಯಾಂಕ್ ಮತ್ತು ಮಿಂಚಂಚೆಯ ಗುಪ್ತಪದ ಬದಲಿಸಬೇಕು. ರೋಗಗ್ರಸ್ತ ಯಂತ್ರದಲ್ಲಿಯೇ ಕುಳಿತು ಹೊಸ ಗುಪ್ತಪದ ಹಾಕುವುದೆಂದರೆ ಅದನ್ನೂ ಕಳ್ಳನ ಕೈಗೆ ಕೊಡುವುದು. ಅನಂತರ ‘ವಿಂಡೋಸ್ ಸೆಕ್ಯೂರಿಟಿ’ಯ ಸ್ಕ್ಯಾನ್ ಆಯ್ಕೆಗಳಲ್ಲಿ ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಆರಿಸಿದರೆ ಯಂತ್ರ ಮರುಚಾಲನೆಗೊಂಡು, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ಶೋಧ ನಡೆಸುತ್ತದೆ. ಆಳಕ್ಕಿಳಿದ ವೈರಸ್ಸುಗಳು ಸಿಕ್ಕಿಬೀಳುವುದು ಈ ಹೊತ್ತಿನಲ್ಲಿಯೇ. ಇನ್ಫೋಸ್ಟೀಲರ್ ಅಥವಾ ರ್ಯಾನ್ಸಮ್‌ವೇರ್ ಎಂದು ಖಚಿತವಾದರೆ, ಶುದ್ಧೀಕರಣವನ್ನು ನಂಬದೆ ವಿಂಡೋಸನ್ನು ಹೊಸದಾಗಿ ಹಾಕುವುದೇ ಯೋಗ್ಯ.

ಬೀಗ ಬಿದ್ದ ಕಡತಗಳನ್ನು ಅಳಿಸಬಾರದು, ಹಣವನ್ನೂ ಕೊಡಬಾರದು. ಕೊಟ್ಟವರಿಗೆಲ್ಲ ಕೈ ಸಿಕ್ಕಿದೆ ಎಂಬ ಭರವಸೆಯಿಲ್ಲ. ಯೂರೋಪೋಲ್, ಡಚ್ ಪೊಲೀಸರು ಹಾಗೂ ಭದ್ರತಾ ಕಂಪನಿಗಳು ಸೇರಿ 2016ರ ಜುಲೈನಲ್ಲಿ ಆರಂಭಿಸಿದ ‘ನೋ ಮೋರ್ ರ್ಯಾನ್ಸಮ್’ ತಾಣದಲ್ಲಿ ಒಂದೆರಡು ಕಡತಗಳನ್ನು ಕೊಟ್ಟು, ಅದು ಯಾವ ತಳಿ, ಬಿಡುಗಡೆ ಸಾಧನ ಇದೆಯೇ ಎಂದು ಉಚಿತವಾಗಿ ನೋಡಬಹುದು. ಇಂದು ಇಲ್ಲದ ಸಾಧನ ಮುಂದೆ ಬಂದ ನಿದರ್ಶನಗಳಿವೆ. ಆದುದರಿಂದ ಬೀಗ ಬಿದ್ದ ಚಿತ್ರಗಳನ್ನು ಒಂದು ಡಿಸ್ಕಿನಲ್ಲಿ ಹಾಕಿ, ದಿನಾಂಕ ಬರೆದು ಎತ್ತಿಡುವುದು ವ್ಯರ್ಥವಲ್ಲ.

ಕಾನೂನು ಮತ್ತು ದೂರು

ವೈರಸ್ ಬಿಡುವುದು ನಮ್ಮ ದೇಶದಲ್ಲಿ ಸ್ಪಷ್ಟ ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ದ 43ನೇ ಕಲಮು ಒಡೆಯನ ಅನುಮತಿಯಿಲ್ಲದೆ ಗಣಕಯಂತ್ರಕ್ಕೆ ವೈರಸ್ ಸೇರಿಸುವುದನ್ನು ಹೆಸರಿಸಿಯೇ ಹೇಳುತ್ತದೆ. ಅಪ್ರಾಮಾಣಿಕ ಉದ್ದೇಶದಿಂದ ಅದನ್ನು ಮಾಡಿದವರಿಗೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ವಿಜಯಪುರದಲ್ಲಿ ಇಂಥ ಪ್ರಕರಣಗಳನ್ನು ಸಿಇಎನ್ ಪೊಲೀಸ್ ಠಾಣೆ ನೋಡಿಕೊಳ್ಳುತ್ತದೆ. ಖಾತೆಯಿಂದ ಹಣ ಹೋಗಿದ್ದರೆ ಠಾಣೆಗೆ ಹೋಗುವವರೆಗೂ ಕಾಯದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗಳಿಗೆ ಹಂಚಿಹೋಗುವ ಮುನ್ನ ತಡೆಯಲು ಮೊದಲ ಗಂಟೆಗಳೇ ಮುಖ್ಯ. ರಾಷ್ಟ್ರೀಯ ಸೈಬರ್ ಅಪರಾಧ ದೂರು ತಾಣದಲ್ಲಿಯೂ ದೂರು ದಾಖಲಿಸಬಹುದು.

ಬ್ಯಾಂಕಿಗೆ ಬರೆದು ತಿಳಿಸುವುದನ್ನೂ ಮುಂದೂಡಬಾರದು. ಲೋಪ ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದಿದ್ದಾಗ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನ ಮೇಲೆ ನಷ್ಟ ಹೊರಿಸಬಾರದೆಂದು ರಿಸರ್ವ್ ಬ್ಯಾಂಕ್ 2017ರ ಸುತ್ತೋಲೆಯಲ್ಲಿ ನಿಗದಿಪಡಿಸಿತು. ಗುಪ್ತಪದವನ್ನು ತಾನೇ ಹೇಳಿಕೊಟ್ಟವನಿಗೆ ಈ ರಕ್ಷಣೆ ಇಲ್ಲ. ಅವನು ತಿಳಿಸುವವರೆಗಿನ ನಷ್ಟ ಅವನದೇ. ಠಾಣೆಗೆ ಹೋಗುವಾಗ ಪರದೆಯ ಛಾಯಾಚಿತ್ರ, ಬಂದ ಸಂದೇಶ ಅಥವಾ ಮಿಂಚಂಚೆಯ ಪ್ರತಿ, ಬ್ಯಾಂಕಿನ ವ್ಯವಹಾರ ಸಂಖ್ಯೆ, ಘಟನೆಯ ದಿನ ಮತ್ತು ವೇಳೆ ಬರೆದ ಚೀಟಿ ಇವಿಷ್ಟನ್ನು ಒಯ್ಯಬೇಕು. ಯಂತ್ರವನ್ನು ಅದಕ್ಕೂ ಮೊದಲೇ ಫಾರ್ಮ್ಯಾಟ್ ಮಾಡಿಸಿದರೆ ತನಿಖೆಗೆ ಆಧಾರವೇ ಉಳಿಯುವುದಿಲ್ಲ. ದೂರಿನ ಸ್ವೀಕೃತಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿರಿ. ಬ್ಯಾಂಕಿನವರು ಮರುದಿನ ಮೊದಲು ಕೇಳುವುದು ಅದನ್ನೇ.